ಶಿಕ್ಷಕರ ಕೊಠಡಿಯೊಳಗಿನ ಕಿರುಕುಳ


ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ತೋಟದ ವಸತಿಗಳಲ್ಲಿ ಇಬ್ಬರು ಮೂವರು ಶಿಕ್ಷಕರಷ್ಟೇ ಇರುವ ಕಿರಿಯ ಪ್ರಾಥಮಿಕ ಶಾಲೆಗಳಿವೆ. ಅಂಥಲ್ಲಿ ಇಬ್ಬರು ಸೇರಿ ಒಬ್ಬರನ್ನು ದೂರವಿಟ್ಟರೆ, ಆ ಒಬ್ಬರಿಗೆ ಮಾತನಾಡಲು ಮಕ್ಕಳ ವಿನಾ ಬೇರಾರೂ ಉಳಿಯುವುದಿಲ್ಲ. ಕಿರುಕುಳವೆಂದರೆ ಬೈಗುಳವೇ ಆಗಬೇಕೆಂದಿಲ್ಲ. ರಜೆಯ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ. ಸಭೆಯ ಸೂಚನೆ ತಲುಪುವುದಿಲ್ಲ. ಬಿಸಿಯೂಟದ ಲೆಕ್ಕ ಪ್ರತಿಸಲವೂ ಒಬ್ಬರ ಕೊರಳಿಗೇ ಬೀಳುತ್ತದೆ. ಗಡಿಭಾಗದಲ್ಲಂತೂ ಮರಾಠಿ ಬೆರೆತ ಉಚ್ಚಾರಣೆಯೇ ನಗೆಗೆ ವಸ್ತುವಾಗುತ್ತದೆ. ಬೇಸತ್ತವರು ವರ್ಗಾವಣೆಯ ಕೌನ್ಸೆಲಿಂಗ್‌ಗಾಗಿ ಕಾಯುತ್ತಾರೆ. ಅವರು ಹೋದ ಮೇಲೆ ಎರಡು ತರಗತಿಗಳು ಒಂದೇ ಕೋಣೆಗೆ ಬರುತ್ತವೆ.

ಸ್ವೀಡನ್ ದೇಶವು 1993ರಲ್ಲಿಯೇ ಇಂಥ ವರ್ತನೆಯ ವಿರುದ್ಧ ಪ್ರತ್ಯೇಕ ನಿಯಮ ರೂಪಿಸಿತು. ಭಾರತದ 2013ರ ಕಾಯ್ದೆಯು ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸೀಮಿತ. ಆದರೂ ಅದರ ಒಂದು ಅಂಶ ಚಿಕ್ಕ ಶಾಲೆಗಳಿಗೆ ತಿಳಿದಿರಲೇಬೇಕು. 10ಕ್ಕಿಂತ ಕಡಿಮೆ ಸಿಬ್ಬಂದಿಯ ಕಾರಣ ಆಂತರಿಕ ಸಮಿತಿ ಇಲ್ಲದಿದ್ದರೆ, 3 ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಲಿಖಿತ ದೂರು ಸಲ್ಲಿಸಬಹುದು. ತಾಲ್ಲೂಕಿನ ನೋಡಲ್ ಅಧಿಕಾರಿಯು ದೂರನ್ನು ಪಡೆದು 7 ದಿನಗಳೊಳಗೆ ಸಮಿತಿಗೆ ಕಳುಹಿಸತಕ್ಕದ್ದು. ದೂರು ಕೊಡುವುದಕ್ಕಾಗಿ ಅಥಣಿಯ ಶಿಕ್ಷಕಿ ಬೆಳಗಾವಿಗೆ ಅಲೆಯಬೇಕಾಗಿಲ್ಲ.

ಉಳಿದ ಕಿರುಕುಳಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದಿನಾಂಕ ಸಹಿತ ಬರೆದುಕೊಡುವುದೇ ದಾರಿ. ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಕಟ್ಟೆಯ ನ್ಯಾಯದಂತೆ ತೀರ್ಮಾನಿಸುವುದು ತರವಲ್ಲ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ. ಯಾರಿಗೆ ಯಾವ ಕೆಲಸವೆಂಬ ಪಟ್ಟಿಯನ್ನು ಗೋಡೆಗೆ ಅಂಟಿಸುವ ಪದ್ಧತಿಯನ್ನು ಮುಖ್ಯ ಶಿಕ್ಷಕರು ಬರುವ ತಿಂಗಳಿನಿಂದಲೇ ಆರಂಭಿಸಲಿ.