ಮಕ್ಕಳ ಏರಿಯವರೆಗೆ

ಪರದೇಶಕ್ಕೆ ಓದಲು ಹೋದವರು ಬರೆಯುವ ಪತ್ರಗಳಲ್ಲಿ ಸಾಮಾನ್ಯವಾಗಿ ಎರಡೇ ಸಂಗತಿಗಳಿರುತ್ತವೆ: ಒಂದು ಚಳಿ, ಇನ್ನೊಂದು ಊಟ. ಬಹುಕಾಲದಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ ಇಂಥ ಪತ್ರಗಳು ಆಗೊಮ್ಮೆ ಈಗೊಮ್ಮೆ ಬರುವುದುಂಟು. ಆದರೆ 2024ರ ಮೇ ತಿಂಗಳಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಿಂದ ಬಂದ ಪತ್ರ ಬೇರೆ ಬಗೆಯದಾಗಿದ್ದಿತು. ಅದರಲ್ಲಿದ್ದುದು ಒಂದು ದಿನದ ಸೈಕಲ್ ಸವಾರಿಯ ವೃತ್ತಾಂತ. ಅದನ್ನೇ ಈ ದಿನ ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬರೆದವಳು ನನ್ನ ಹಳೆಯ ವಿದ್ಯಾರ್ಥಿನಿ. ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಯಿತಷ್ಟೆ. ಕೆಲವು ವರ್ಷಗಳ ತರುವಾಯ ಈ ಹುಡುಗಿಗೂ ಒಂದು ಸೈಕಲ್ ಬಂದಿತು. ಮೂರು ಮೈಲಿಯ ಮಣ್ಣು ರಸ್ತೆಯಲ್ಲಿ ಒಂದು ದಿನ ಬಿದ್ದು ಎಡಗೈ ಮುರಿದುಕೊಂಡಳು. ಅವಳ ತಂದೆ ನನ್ನಲ್ಲಿಗೆ ಬಂದು, “ಏನು ಮಾಡೋಣ ಮೇಷ್ಟ್ರೇ?” ಎಂದು ಕೇಳಿದರು. “ಹೆಣ್ಣುಮಗು, ಸೈಕಲ್ ಬೇಡ, ಬಸ್ಸಿನಲ್ಲಿ ಬರಲಿ” ಎಂದು ಹೇಳಿದವನು ನಾನೇ. ಆ ಬಸ್ಸು ಎಂದೂ ಹೊತ್ತಿಗೆ ಬರಲಿಲ್ಲ. ಎರಡು ವರ್ಷ ಅವಳಿಗೆ ಮೊದಲನೆಯ ಪೀರಿಯಡ್ಡಿನ ಅರ್ಧ ತಪ್ಪಿಹೋಗುತ್ತಿದ್ದಿತು. ಆ ಮೊದಲನೆಯ ಪೀರಿಯಡ್ಡು ನನ್ನದೇ ಕನ್ನಡ.

ಈಗ ಅವಳು ಡೆಲ್ಫ್ಟಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಜಲವಿದ್ಯೆಯನ್ನು ಓದುತ್ತಿದ್ದಾಳೆ. 1842ರಲ್ಲಿ ಹುಟ್ಟಿದ ಸಂಸ್ಥೆ ಅದು. ಆ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಅವಳೂ ಒಂದು ಹಳೆಯ ಸೈಕಲ್ ಕೊಂಡಳಂತೆ. ಅಲ್ಲಿಯವರು ಎತ್ತರದ ಆಳುಗಳು, ಸೀಟೂ ಹಾಗೆಯೇ ಎತ್ತರ. ಹ್ಯಾಂಡಲ್ಲಿನಲ್ಲಿ ಬ್ರೇಕೇ ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಗಾಡಿ ನಿಲ್ಲುತ್ತದೆ. ಸಾಲದುದಕ್ಕೆ ರಸ್ತೆಯ ಬಲಬದಿಯಲ್ಲಿ ಹೋಗಬೇಕು, ತಿರುಗುವಾಗ ಕೈ ಚಾಚಿ ತೋರಿಸಬೇಕು. “ಸಾರ್, ಮೊದಲ ತಿಂಗಳು ನನ್ನ ಮುರಿದ ಕೈಯನ್ನು ಚಾಚುವುದಕ್ಕೇ ಭಯವಾಗುತ್ತಿತ್ತು” ಎಂದು ಬರೆದಿದ್ದಾಳೆ.

ಶನಿವಾರ ಬೆಳಿಗ್ಗೆ, ಇಂಡೋನೇಷ್ಯದ ಸಹಪಾಠಿಯೊಬ್ಬಳೊಡನೆ, ಚಪಾತಿ ಮತ್ತು ಚಟ್ನಿಪುಡಿ ಕಟ್ಟಿಕೊಂಡು ಹೊರಟಳು. ಡೆಲ್ಫ್ಟಿನ ಹಳೆಯ ಇಗರ್ಜಿಯ ಗೋಪುರ ಒಂದು ಕಡೆಗೆ ವಾಲಿಕೊಂಡಿದೆ. ಚಿತ್ರಕಾರ ವರ್ಮೀರನ ಸಮಾಧಿ ಅಲ್ಲಿಯೇ, ನೀರಿನ ಹನಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಮೊದಲು ಕಂಡ ಬಟ್ಟೆವ್ಯಾಪಾರಿ ಲೇವನ್‌ಹುಕ್‌ನದೂ ಅಲ್ಲಿಯೇ. ಇಬ್ಬರೂ 1632ರಲ್ಲಿ ಆ ಊರಿನಲ್ಲಿ ಹುಟ್ಟಿದವರು. ಅದನ್ನು ನೋಡಿಕೊಂಡು ಸ್ಖೀ ಕಾಲುವೆಯ ದಂಡೆ ಹಿಡಿದು ರಾಟರ್‌ಡ್ಯಾಮ್ ಸೇರಿದರು. 1940ರ ಮೇ 14ರಂದು ಜರ್ಮನರ ಬಾಂಬಿಗೆ ಆ ನಗರದ ನಡುಭಾಗವೆಲ್ಲ ಸುಟ್ಟುಹೋಯಿತು. ಈಗಿರುವುದು ಹೊಸ ಊರು. ಅಲ್ಲಿಂದ ಸೈಕಲ್ಲನ್ನೂ ಏರಿಸಿಕೊಳ್ಳುವ ದೋಣಿಯಲ್ಲಿ ಕಿಂಡರ್‌ಡೈಕ್‌ಗೆ ಹೋದರು.

ಕಿಂಡರ್ ಎಂದರೆ ಮಕ್ಕಳು, ಡೈಕ್ ಎಂದರೆ ಏರಿ. ಮಕ್ಕಳ ಏರಿ, ಷಷ್ಠೀ ತತ್ಪುರುಷ ಎನ್ನಲು ನನಗೇನೂ ಅಡ್ಡಿ ಕಾಣದು. 1421ರಲ್ಲಿ ದೊಡ್ಡ ಪ್ರವಾಹ ಬಂದಾಗ ಒಂದು ತೊಟ್ಟಿಲು ತೇಲಿ ಬಂದಿತಂತೆ. ಅದು ವಾಲಿದ ಕಡೆಯಿಂದ ಇನ್ನೊಂದು ಕಡೆಗೆ ಒಂದು ಬೆಕ್ಕು ಜಿಗಿಜಿಗಿದು ನೀರು ಒಳನುಗ್ಗದಂತೆ ಕಾಯಿತಂತೆ. ತೊಟ್ಟಿಲು ಏರಿಗೆ ತಾಗಿದಾಗ ಮಗು ಒಳಗೆ ನಿದ್ದೆಮಾಡುತ್ತಿದ್ದಿತು. ಕತೆಯೇ ಸರಿ, ಆದರೂ ಬೆಕ್ಕನ್ನು ಅಪಶಕುನವೆನ್ನುವ ನಮ್ಮ ಅಜ್ಜಿಯರು ಇದನ್ನು ಕೇಳಬೇಕಾಗಿದ್ದಿತು.

ಅಲ್ಲಿರುವ ಹತ್ತೊಂಬತ್ತು ಗಾಳಿಗಿರಣಿಗಳಲ್ಲಿ ಹೆಚ್ಚಿನವು 1738ರಿಂದ 1740ರೊಳಗೆ ಕಟ್ಟಿದವು. ಗಿರಣಿಯೆಂದೊಡನೆ ಹಿಟ್ಟು ಬೀಸುವುದು ಎಂದುಕೊಳ್ಳಬಾರದು. ಇವು ನೀರೆತ್ತುವ ಗಿರಣಿಗಳು. ನಮ್ಮ ಏತ, ಕಪಿಲೆಗಳು ಬಾವಿಯಿಂದ ನೀರೆತ್ತಿ ಹೊಲಕ್ಕೆ ಹಾಯಿಸುತ್ತಿದ್ದವಲ್ಲವೆ? ಅಲ್ಲಿ ಕೆಲಸ ತಿರುಗುಮುರುಗು. ಹೊಲವೇ ನದಿಗಿಂತ ತಗ್ಗು. ಹೊಲದಲ್ಲಿ ನಿಂತ ನೀರನ್ನು ಹಲಗೆಗಳ ಚಕ್ರದಿಂದ ಎತ್ತಿ ಮೇಲಿನ ಕಾಲುವೆಗೆ ತುಂಬಿಸಿ, ನದಿಯ ಮಟ್ಟ ಇಳಿದಾಗ ತೂಬು ತೆರೆದು ಹೊರಕ್ಕೆ ಬಿಡಬೇಕು. ಈಗ ಆ ಕೆಲಸವನ್ನು ಪಂಪುಗಳು ಮಾಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಇಂಧನ ಸಿಗದಾಗ ಮುದಿ ಗಿರಣಿಗಳನ್ನೇ ಮತ್ತೆ ತಿರುಗಿಸಬೇಕಾಯಿತು. ಅವುಗಳಲ್ಲಿ ಇಂದಿಗೂ ಸಂಸಾರಗಳು ವಾಸವಾಗಿವೆ. ನಿಂತ ಗಿರಣಿಯ ರೆಕ್ಕೆ ನೋಡಿ ಮನೆಯ ಸುದ್ದಿ ತಿಳಿಯಬಹುದಂತೆ: ಮೇಲಿನ ರೆಕ್ಕೆ ತುದಿಮುಟ್ಟುವ ಮೊದಲೇ ನಿಂತಿದ್ದರೆ ಮದುವೆಯೋ ಹೆರಿಗೆಯೋ ಆಗಿದೆ, ತುದಿದಾಟಿ ನಿಂತಿದ್ದರೆ ಸಾವು.

ಸಂಜೆಯ ಹೊತ್ತಿಗೆ ಪಶ್ಚಿಮದ ಗಾಳಿ ಎದ್ದಿತು. ಗೆಳತಿ ದೋಣಿಯಲ್ಲಿಯೇ ಹಿಂದಿರುಗೋಣವೆಂದಳು. ಇವಳು ಒಪ್ಪಲಿಲ್ಲ. ಹೊಳೆಯೊಂದನ್ನು ಮಾತ್ರ ಸಣ್ಣ ಹಡಗಿನಲ್ಲಿ ದಾಟಿ, ಉಳಿದ ದಾರಿಯನ್ನು ಒಬ್ಬಳೇ ಎದುರುಗಾಳಿಯಲ್ಲಿ ತುಳಿದಳು. ಕಾರಣವಿದ್ದಿತು. ದಾರಿಯಲ್ಲಿ ಕ್ರಿಂಪನ್ ಊರಿನ ಬಳಿ, ಸೇತುವೆಯ ಮಗ್ಗುಲಲ್ಲೇ, ಎತ್ತರದ ಗೋಪುರಗಳ ನಡುವೆ ಉಕ್ಕಿನ ಬಾಗಿಲುಗಳು ತೂಗುತ್ತವೆ. ಸಮುದ್ರ ಉಕ್ಕಿದಾಗ ಅವನ್ನು ಇಳಿಸಿ ನದಿಯನ್ನು ಮುಚ್ಚುತ್ತಾರೆ. 1953ರ ಜನವರಿ 31ರ ರಾತ್ರಿ ಏರಿಗಳೊಡೆದು ಆ ದೇಶದಲ್ಲಿ 1,836 ಮಂದಿ ಸತ್ತರು. ಆ ಬಳಿಕ ಕಟ್ಟಿದ ತಡೆಗಳಲ್ಲಿ 1958ರ ಇದೇ ಮೊದಲನೆಯದು. ಅದೇ ನದಿಯ ಮೇಲುಭಾಗದಲ್ಲಿ ಆ ರಾತ್ರಿ ಏರಿ ಬಿರಿದಾಗ, ಆರೀ ಎವೆಗ್ರೂನ್ ಎಂಬ ನಾವಿಕ ತನ್ನ ಹಡಗನ್ನೇ ಬಿರುಕಿಗೆ ಅಡ್ಡ ನಿಲ್ಲಿಸಿದ. ಒಡೆದಿದ್ದರೆ ಹಿಂದಿದ್ದ ತಗ್ಗಿನ ಊರುಗಳೆಲ್ಲ ಮುಳುಗುತ್ತಿದ್ದವು.

ಆ ಬಾಗಿಲುಗಳ ಕೆಳಗೆ ನಿಂತು ಅವಳು ಉಳಿದ ಚಪಾತಿ ತಿಂದಳಂತೆ. ಗಾಳಿಗೆ ಎಡಗೈ ಸೆಳೆಯತೊಡಗಿತು. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರ ಮೇಲೂ ಬೆಳಕಿರುತ್ತದೆ. ಕತ್ತಲಾಗುವ ಮೊದಲೇ ಕೋಣೆ ಸೇರಿದಳು. ಕಡೆಯಲ್ಲಿ ಬರೆದಿದ್ದಾಳೆ: “ಸಾರ್, ಡೈಕ್ ಎಂಬುದಕ್ಕೆ ಏರಿ ಎಂದು ಬರೆದಿದ್ದೇನೆ, ಸರಿಯೇ? ಆ ಪಾಠದ ದಿನ ನಾನು ಬಂದಾಗ ಗಂಟೆ ಹೊಡೆದಿತ್ತು.”

ಸರಿಯೆಂದು ಉತ್ತರ ಬರೆದೆ. ಬಸ್ಸಿನ ವಿಚಾರದಲ್ಲಿ ತಪ್ಪಿದವನು ನಾನೆಂದೂ ಬರೆದೆ. ಮರುವಾರ ಅವಳ ತಂದೆಯನ್ನು ಕಂಡು ಹಳೆಯ ಸೈಕಲ್ ಏನಾಯಿತೆಂದು ವಿಚಾರಿಸಿದೆ. ಹಿತ್ತಲಿನ ಮಾಡಿನಲ್ಲಿಯೇ ಇದೆ, ಟೈರು ಹೋಗಿದೆ, ತಮ್ಮನ ಮಗಳು ಅದಕ್ಕಾಗಿ ಹಟ ಹಿಡಿದಿದ್ದಾಳೆ, ಏನು ಮಾಡೋಣ ಮೇಷ್ಟ್ರೇ ಎಂದರು. ಟೈರು ಹಾಕಿಸಿಕೊಡಿ ಎಂದೆ.