ಗೊಬ್ಬರದ ಡಬ್ಬಕ್ಕೆ ಯಾರ ಕೈ?

(ಹೌಸ್‌ಕೀಪಿಂಗ್ ಮತ್ತು ಕಸದ ಕೆಲಸಗಾರರ ಸಭೆಯಲ್ಲಿ ಆಡಿದ ಮಾತು)



ನಾವು ಇವತ್ತು ಒಂದು ಡಬ್ಬದ ಬಗ್ಗೆ ಮಾತಾಡಬೇಕಾಗಿದೆ. ಆಫೀಸಿನ ಹಿಂಬದಿಯಲ್ಲಿ, ಕ್ಯಾಂಟೀನಿನ ಮಗ್ಗುಲಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಟ್ಟಿರುವ ಗೊಬ್ಬರದ ಡಬ್ಬ. ಅದರ ಮೇಲೆ ಹಸಿರು ಎಲೆಯ ಚಿತ್ರ ಬರೆದಿರುತ್ತಾರೆ. ಉದ್ಘಾಟನೆಯ ದಿನ ಸಾಹೇಬರು ಒಂದು ಬಾಳೆಹಣ್ಣಿನ ಸಿಪ್ಪೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರನೇ ದಿನದಿಂದ ಅದನ್ನು ಕೆದಕುವವರು, ತಿರುವುವವರು, ಬಳಿಯುವವರು ನಾವು.

ಗೊಬ್ಬರ ನಮಗೆ ಹೊಸದಲ್ಲ. ಊರಿನ ತಿಪ್ಪೆ ಅಗೆದು ಗೌಡರ ಹೊಲಕ್ಕೆ ಮಂಕರಿಯಲ್ಲಿ ಹೊತ್ತು ಹಾಕಿದವರು ನಮ್ಮ ಅವ್ವ ಅಪ್ಪಂದಿರೇ. ಬೆಳೆ ಅವರದಾಯಿತು, ನಾತ ನಮ್ಮದಾಯಿತು. ಈಗ ತಿಪ್ಪೆ ಪಟ್ಟಣಕ್ಕೆ ಬಂದು ಕಂಪೋಸ್ಟ್ ಅಂತ ಹೆಸರಿಟ್ಟುಕೊಂಡಿದೆ. ಅದಕ್ಕೆ ಇಳಿಯುವ ಕೈ ಮಾತ್ರ ಬದಲಾಗಿಲ್ಲ.

ಡಬ್ಬ ಬೇಡ ಅಂತ ನಾವು ಹೇಳುತ್ತಿಲ್ಲ. ಬೆಂಗಳೂರಿನ ಕಸವನ್ನು ಮಾವಳ್ಳಿಪುರಕ್ಕೆ ಸುರಿಯುತ್ತಿದ್ದರು, 2012ರಲ್ಲಿ ಅದು ನಿಂತಿತು. ಮಂಡೂರಿಗೆ ಸುರಿಯುತ್ತಿದ್ದರು, 2014ರ ಕೊನೆಗೆ ಅದೂ ನಿಂತಿತು. ಆ ಊರಿನ ಜನ ನಾತ ಕುಡಿದು ಸಾಕಾಗಿ ಬೀದಿಗಿಳಿದಿದ್ದರಿಂದ ನಿಂತಿತು. 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ವಸತಿ ಸಮುಚ್ಚಯಗಳು, ಸಂಸ್ಥೆಗಳು ತಮ್ಮ ಹಸಿಕಸವನ್ನು ಆದಷ್ಟೂ ತಮ್ಮ ಆವರಣದಲ್ಲೇ ಕರಗಿಸಬೇಕು ಎಂದವು. ಅವರ ಕಸ ಅವರ ಅಂಗಳದಲ್ಲೇ ಮಣ್ಣಾಗಲಿ ಎಂಬುದು ನ್ಯಾಯದ ಮಾತು. ಆದರೆ ಅದೇ ನಿಯಮಗಳು ಕಸ ಮುಟ್ಟುವ ಕೆಲಸಗಾರರಿಗೆ ಸಮವಸ್ತ್ರ, ಕೈಗವಸು, ರೈನ್‌ಕೋಟು, ತಕ್ಕ ಪಾದರಕ್ಷೆ, ಮಾಸ್ಕು ಕೊಡಿಸಬೇಕೆಂದೂ ಹೇಳಿದ್ದವು. ಡಬ್ಬ ಬಂತು. ಕೈಗವಸು ಬರಲಿಲ್ಲ.

ಕೇಳಿದರೆ, 'ತರಕಾರಿ ಸಿಪ್ಪೆ ಕಣಮ್ಮ, ಇದಕ್ಯಾಕೆ ಗ್ಲೌಸು' ಅಂತಾರೆ. ಇದು ತಿಪ್ಪೆ ಸಾರಿಸುವ ಮಾತು. ಡಬ್ಬದೊಳಗೆ ಏನಿದೆ ಅಂತ ನಾವು ತಿಳಿದುಕೊಂಡರೆ ಇದಕ್ಕೆ ಉತ್ತರ ಕೊಡಬಹುದು.

ಮೊದಲನೆಯದು ದೂಳು. ಗೊಬ್ಬರ ಕೊಳೆಯುವಾಗ ಬಿಸಿಯಾಗುತ್ತದೆ, ಆ ಬಿಸಿಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಚೆನ್ನಾಗಿ ಬೆಳೆಯುತ್ತದೆ. ಒಣಗಿದ ರಾಶಿ ಕೆದಕಿದರೆ ಅದರ ಕಣಗಳು ಕಣ್ಣಿಗೆ ಕಾಣದಂತೆ ಎದ್ದು ಎದೆಗಿಳಿಯುತ್ತವೆ. ಗೂರಲು ಇದ್ದವರಿಗೆ, ಟಿ.ಬಿ. ಬಂದು ಎದೆ ಸೋತವರಿಗೆ ಅದು ದೊಡ್ಡ ಕಾಯಿಲೆ ತರಬಲ್ಲದು. ಮೂಗಿಗೆ ಸೆರಗು ಕಟ್ಟಿದರೆ ಸಾಲದು, ಎನ್-95 ಮಾಸ್ಕ್ ಬೇಕು. ತಿರುವುವ ಮುಂಚೆ ನೀರು ಚಿಮುಕಿಸಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡಬೇಡಿ. ಗೂರಲಿನವರನ್ನು ಈ ಕೆಲಸಕ್ಕೆ ಹಾಕಬಾರದು, ಆ ನೆಪದಲ್ಲಿ ಅವರ ಕೂಲಿಯನ್ನೂ ಕತ್ತರಿಸಬಾರದು.

ಎರಡನೆಯದು ಕಸದೊಳಗೆ ಅಡಗಿರುವುದು. ಒಡೆದ ಲೋಟ, ಬ್ಲೇಡು, ಇಂಜೆಕ್ಷನ್ ಸೂಜಿ, ಸುತ್ತದೆ ಎಸೆದ ಪ್ಯಾಡು. ಇವೂ ತರಕಾರಿ ಸಿಪ್ಪೆಯೇನು? ಬರಿಗೈಯಲ್ಲಿ ಆರಿಸಬೇಡಿ. ದಪ್ಪ ಕೈಗವಸು, ಉದ್ದನೆಯ ಚಿಮುಟ ಕೇಳಿ. ಗೊಬ್ಬರದಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು, ಅದರ ಇಂಜೆಕ್ಷನ್ ಮೊದಲೇ ಆಗಿರಬೇಕು. ಸೂಜಿ ಚುಚ್ಚಿದರೆ ಹಿಂಡಬೇಡಿ, ಬಾಯಿಗಿಟ್ಟು ಚೀಪಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಎಚ್.ಐ.ವಿ. ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 'ಶಿಫ್ಟು ಮುಗಿಸಿ ಹೋಗು' ಅನ್ನುವ ಸೂಪರ್‌ವೈಸರ್ ಮಾತನ್ನು ಕೇಳಬೇಡಿ.

ಮೂರನೆಯದು ವಿಷಗಾಳಿ. ಸರಿಯಾಗಿ ಕಳಿತ ಗೊಬ್ಬರ ನಾರುವುದಿಲ್ಲ, ಮಳೆ ಬಿದ್ದ ಮಣ್ಣಿನ ಹಾಗೆ ಘಮ್ಮೆನ್ನುತ್ತದೆ. ಮೂಗಿಗೆ ಚುರುಕ್ಕೆಂದರೆ ಅದು ಅಮೋನಿಯ, ಹಸಿಕಸ ಜಾಸ್ತಿಯಾಗಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ. ಒಂದು ಬಕೆಟ್ ಹಸಿಕಸಕ್ಕೆ ಒಂದೂವರೆ ಎರಡು ಬಕೆಟ್ ಒಣಎಲೆ ಹಾಕಿ, ಆಗಾಗ ತಿರುವಿ. ಕೈಗವಸು ತೊಟ್ಟು ಒಂದು ಹಿಡಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಸುರಿದರೆ ನೀರು ಹೆಚ್ಚಾಗಿದೆ. ಬಯಲಿನಲ್ಲಿಟ್ಟ ಡಬ್ಬಕ್ಕೆ ಇಷ್ಟು ಸಾಕು.

ನೆಲದೊಳಗಿನ ಮುಚ್ಚಿದ ಗುಂಡಿ, ಗೊಬ್ಬರದ ನೀರು ನಿಲ್ಲುವ ತೊಟ್ಟಿ, ಇವುಗಳ ಮಾತೇ ಬೇರೆ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ನಾತ ಹೋಯ್ತು ಅಂದುಕೊಂಡು ಇಳಿದವರು ಮೇಲೆ ಬರುವುದಿಲ್ಲ. ಮ್ಯಾನ್‌ಹೋಲುಗಳಲ್ಲಿ ನಮ್ಮವರನ್ನು ಕೊಂದಿರುವುದು ಇಂಥದೇ ಗಾಳಿ. ಯಾರು ಹೇಳಿದರೂ ಇಳಿಯಬೇಡಿ. ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಹಾರಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.

ನಾಲ್ಕನೆಯದು ಯಂತ್ರ. ಕಸ ಅರೆಯುವ ಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡರೆ ಮೊದಲು ಮೇನ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೋಲಿನಿಂದ ತೆಗೆಯಿರಿ. ಸೆರಗು, ಜಡೆ, ದುಪ್ಪಟ್ಟ ಬಿಗಿಯಾಗಿ ಕಟ್ಟಿಕೊಳ್ಳಿ. ಬೆರಳು ಹೋದರೆ ಗುತ್ತಿಗೆದಾರ ಇನ್ನೊಬ್ಬರನ್ನು ತರುತ್ತಾನೆ. ನಮಗೆ ಇನ್ನೊಂದು ಬೆರಳು ಬರುವುದಿಲ್ಲ.

ಇಲಿಯ ವಿಚಾರವೂ ಇದೆ. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ಕೈಕಾಲಿನ ಗಾಯದ ಮೂಲಕ ಮೈಗೆ ಸೇರುತ್ತದೆ. ಡಬ್ಬಕ್ಕೆ ಬಿಗಿ ಮುಚ್ಚಳ, ತೂತುಗಳಿಗೆ ಜಾಲರಿ ಬೇಕು. ಕೆಲವು ಕಡೆ 'ಮೂಳೆ ಮಾಂಸ ಹಾಕಬಾರದು' ಅಂತ ಬೋರ್ಡು ನೇತುಹಾಕಿ ನಮ್ಮ ಬುತ್ತಿಯನ್ನೇ ಗುರಾಯಿಸುತ್ತಾರೆ. ಸಣ್ಣ ಡಬ್ಬದಲ್ಲಿ ಮಾಂಸ ಇಲಿಯನ್ನು ಕರೆಯುವುದು ನಿಜ. ಮೊಸರು, ತುಪ್ಪ, ಎಣ್ಣೆಯ ತಿಂಡಿ ಕೂಡ ಕರೆಯುತ್ತವೆ. ಮೂಳೆಗೆ ಮೈಲಿಗೆ, ತುಪ್ಪಕ್ಕೆ ಮಡಿ ಅನ್ನುವ ಭೇದ ಇಲಿಗೆ ಗೊತ್ತಿಲ್ಲ.

ಇಷ್ಟೂ ಹೇಳಿದ ಮೇಲೆ ಒಂದು ಮಾತು. ಇವೆಲ್ಲ ಎಚ್ಚರಿಕೆ ನಮ್ಮ ತಲೆಗೇ ಕಟ್ಟಿದರೆ ಅನ್ಯಾಯ. ಮೇಲಿನ ಮಹಡಿಯಲ್ಲಿ ಕೂತವರು ಬ್ಲೇಡನ್ನು ಹಸಿಕಸಕ್ಕೆ ಎಸೆಯದಿದ್ದರೆ ಕೆಳಗಿನ ಕೈ ಕುಯ್ಯುವುದಿಲ್ಲ. ಎಸೆಯುವ ಕೈ ಕಲಿಯದೆ ಆರಿಸುವ ಕೈಗೆ ರಕ್ಷಣೆ ಇಲ್ಲ.

1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ 1993ರಲ್ಲಿ ಬಂತು, 2013ರಲ್ಲಿ ಇನ್ನೊಂದು ಬಂತು. ಕಾಗದದಲ್ಲಿ ಮಂಕರಿ ತಲೆಯಿಂದ ಇಳಿದಿದೆ. ಅದೇ ಮಂಕರಿ ಚಕ್ರ ಕಟ್ಟಿಕೊಂಡು, ಹಸಿರು ಬಣ್ಣ ಬಳಿದುಕೊಂಡು ಮತ್ತೆ ನಮ್ಮೆದುರು ನಿಲ್ಲಬಾರದು.

ಆದ್ದರಿಂದ ನಾವು ಕೇಳೋಣ. ಒಬ್ಬೊಬ್ಬರಾಗಿ ಬೇಡ, ಕೆಲಸದ ಜಾಗದವರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳೋಣ. ಕೈಗವಸು, ಬೂಟು, ಮಾಸ್ಕು. ಹರಿದ ದಿನವೇ ಬೇರೆಯದು. ಕೈಕಾಲು ತೊಳೆಯಲು ನೀರು, ಸೋಪು. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ. ವರ್ಷಕ್ಕೊಮ್ಮೆ ಡಾಕ್ಟರ ತಪಾಸಣೆ. ಗಾಯವಾದ ದಿನದ ಪೂರ್ತಿ ಕೂಲಿ. ಡಬ್ಬದ ಪಕ್ಕ ಕನ್ನಡದಲ್ಲಿ ಬರೆದ ಎಚ್ಚರಿಕೆ ಫಲಕ, ಓದು ಬಾರದವರಿಗೆ ಬಾಯಲ್ಲಿ ಹೇಳಿಕೊಡುವ ಏರ್ಪಾಟು.

ಇನ್ನೂ ಒಂದು ಕೇಳೋಣ. ಗೊಬ್ಬರ ಮಾಡುವುದು ಅಷ್ಟು ಪುಣ್ಯದ ಕೆಲಸ ಅಂತ ಸಾಹೇಬರು ಹೇಳುವುದಾದರೆ, ಸರದಿ ಹಾಕಲಿ, ವಾರಕ್ಕೊಂದು ದಿನ ಅವರೂ ಬಂದು ತಿರುವಲಿ. ಅವತ್ತು ಕೈಗವಸು ತಾನಾಗೇ ಬರುತ್ತದೆ.

ಜೈ ಭೀಮ್.