ತಪ್ಪು ತೀರ್ಪಿಗೆ ಇದಿರಾದ ಕಕ್ಷಿಗಾರನು ಮಾಡತಕ್ಕದ್ದೇನು?
(ಉಡುಪಿಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಜನರು ಅನುಭವದಿಂದಲೇ ಕಟ್ಟಿದ್ದಾರೆ. ಆದರೆ ತಪ್ಪು ತೀರ್ಪಿಗಿಂತಲೂ, ತೀರ್ಪು ಬಂದ ಬಳಿಕ ಕೈಜಾರಿಹೋಗುವ ದಿನಗಳೇ ಅನೇಕ ವೇಳೆ ಸೋತವನನ್ನು ಹಾಳುಮಾಡುತ್ತವೆ. ಈ ವಿಷಯವನ್ನೇ ಇಂದು ತಮ್ಮ ಮುಂದಿಡಬಯಸುತ್ತೇವೆ.

ಕಾರ್ಕಳದ ರೈತನೊಬ್ಬನ ಗದ್ದೆಯ ಗಡಿಯ ವಿಷಯದಲ್ಲಿ ತಪ್ಪು ಡಿಕ್ರಿಯಾಯಿತೆಂದು ಊಹಿಸೋಣ. ಅವನ ಮೊದಲ ಸಿಟ್ಟು ನ್ಯಾಯಾಧೀಶರ ಮೇಲೆ. ಅವರ ಮೇಲೆಯೇ ನಷ್ಟದ ದಾವೆಯನ್ನು ಹೂಡಬಾರದೇಕೆ ಎಂದು ಅವನು ಕೇಳುತ್ತಾನೆ. ಕಾನೂನು ಅದಕ್ಕೆ ಎಡೆಗೊಡುವುದಿಲ್ಲ. ನ್ಯಾಯನಿರ್ಣಯದ ಕರ್ತವ್ಯದಲ್ಲಿ, ತನಗೆ ಅಧಿಕಾರವಿದೆಯೆಂದು ಸದ್ಭಾವನೆಯಿಂದ ನಂಬಿ ಮಾಡಿದ ಆಜ್ಞೆಗಾಗಿ ನ್ಯಾಯಾಧೀಶರ ಮೇಲೆ ದಾವೆ ನಡೆಯದೆಂದು 1850ರ ಶಾಸನವು ವಿಧಿಸಿತು. 1985ರ ಶಾಸನವು ಆ ರಕ್ಷಣೆಯನ್ನು ಇನ್ನಷ್ಟು ಬಲಪಡಿಸಿತು. ಇದು ಅನ್ಯಾಯವೆ? ವಿಚಾರಿಸಿ ನೋಡಿರಿ. ಸೋತವರೆಲ್ಲರೂ ನ್ಯಾಯಾಧೀಶರನ್ನು ಕಟಕಟೆಗೆ ಎಳೆಯಬಹುದಾದರೆ, ದಾವೆ ಹೂಡುವ ಶಕ್ತಿಯುಳ್ಳ ಧನಿಕನ ವಿರುದ್ಧ ತೀರ್ಪು ಕೊಡುವ ಧೈರ್ಯ ಯಾರಿಗೆ ಉಳಿದೀತು? ಈ ಕವಚವು ಕೊನೆಗೆ ಕಾಯುವುದು ಬಡ ಕಕ್ಷಿಗಾರನನ್ನೇ.

ಆದರೂ ಕವಚಕ್ಕೆ ಮೇರೆಯುಂಟು. ಕಾನೂನಿಗೆ ವಿರುದ್ಧವೆಂದು ತಿಳಿದೂ ಭ್ರಷ್ಟಬುದ್ಧಿಯಿಂದ ತೀರ್ಪು ಕೊಡುವುದು 7 ವರ್ಷಗಳ ಸೆರೆಮನೆಯವರೆಗೆ ಶಿಕ್ಷೆಯುಳ್ಳ ಅಪರಾಧ. ತಪ್ಪಿದ ನ್ಯಾಯಾಧೀಶರ ಮೇಲೆ ಕ್ರಮ ಕೈಕೊಳ್ಳಲು ಹೈಕೋರ್ಟಿಗೂ ಸರಕಾರಕ್ಕೂ ಇರುವ ಅಧಿಕಾರವನ್ನು 1985ರ ಶಾಸನವು ಮುಟ್ಟಿಲ್ಲ. ಅಸ್ಸಾಮಿನ ಅಧಿಕಾರಿಯೊಬ್ಬರು ಆಡಳಿತದ ನೆಲೆಯಲ್ಲಿ ಒಬ್ಬನನ್ನು ಬಂಧಿಸಲು ಆಜ್ಞೆಯಿತ್ತು ಬಳಿಕ ಈ ಕವಚವನ್ನು ಕೇಳಿದಾಗ, 1965ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿರಾಕರಿಸಿತು. ಆದುದರಿಂದ ಮಣಿಪಾಲದ ಜಿಲ್ಲಾ ಕಚೇರಿಯಿಂದಾಗಲಿ ಕಾಪುವಿನ ತಾಲೂಕು ಕಚೇರಿಯಿಂದಾಗಲಿ ಹೊರಡುವ ಬರಿಯ ಆಡಳಿತಾಜ್ಞೆಗೂ, ಕೋರ್ಟಿನ ತೀರ್ಪಿಗೂ ಇರುವ ಅಂತರವನ್ನು ನಾವು ತಿಳಿದಿರಬೇಕು.

ಹಾಗಾದರೆ ನಮ್ಮ ರೈತನಿಗೆ ದಾರಿಯೇನು? ಹೋರಾಟವು ಆಜ್ಞೆಯೊಡನೆ ನಡೆಯಬೇಕು. ಮೊದಲು ದೃಢೀಕೃತ ನಕಲಿಗೆ ಅರ್ಜಿ. ನಕಲು ದೊರೆಯಲು ತಗಲುವ ಕಾಲವು ವಾಯಿದೆಯಲ್ಲಿ ಕಳೆಯಲ್ಪಡುತ್ತದೆ. ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಅಪೀಲು 30 ದಿನಗಳಲ್ಲಿ, ಹೈಕೋರ್ಟಿಗೆ 90 ದಿನಗಳಲ್ಲಿ. ದಾಖಲೆಯಲ್ಲಿಯೇ ಎದ್ದು ಕಾಣುವ ತಪ್ಪಿಗೆ ಅದೇ ಕೋರ್ಟಿನಲ್ಲಿ ಪುನರ್ವಿಮರ್ಶೆಯ ಅರ್ಜಿಯುಂಟು. ಇನ್ನೊಂದು ಮಾತು: ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿಯ ಅಮಲು ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಬೇಡಬೇಕು. ಡಿಕ್ರಿಯು ಮುಂದೆ ರದ್ದಾದರೆ, ಅದರಿಂದ ಕಳೆದುಕೊಂಡುದನ್ನು ಮರಳಿ ಕೊಡಿಸುವ ವಿಧಿಯು ಸಿವಿಲ್ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಅಪೀಲಿನ ಬೆಲೆಯನ್ನು ನಮ್ಮ ಕರಾವಳಿಯು ಚೆನ್ನಾಗಿ ಅರಿತಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಗೇಣಿದಾರರ ಹಕ್ಕುಗಳನ್ನು ಭೂನ್ಯಾಯಮಂಡಳಿಗಳು ನಿರ್ಣಯಿಸಿದವು. ಅವುಗಳ ನಿರ್ಣಯದ ಮೇಲೆ ಅಪೀಲಿರಲಿಲ್ಲ. ಗೇಣಿದಾರನಾಗಲಿ ಧಣಿಯಾಗಲಿ ರಿಟ್ ಅರ್ಜಿ ಹಿಡಿದು ಬೆಂಗಳೂರಿಗೇ ಹೋಗಬೇಕಾಯಿತು. 1986ರಲ್ಲಿ ಅಪೀಲು ಪ್ರಾಧಿಕಾರಗಳು ಹುಟ್ಟಿದವು. 1990ರಲ್ಲಿ ಅವೂ ರದ್ದಾದವು. ಪರಿಹಾರವು ಕಾಗದದಲ್ಲಿದ್ದರೆ ಸಾಲದು, ಕಾಲಿಗೆಟಕುವಷ್ಟು ಹತ್ತಿರವಿರಬೇಕು.

ಭಾಷೆಯ ದೂರವೂ ದೂರವೇ. 1956ರ ನವೆಂಬರ್ 1ರ ವರೆಗೆ ದಕ್ಷಿಣ ಕನ್ನಡದ ಅಪೀಲು ಮದರಾಸಿಗೆ ಹೋಗುತ್ತಿತ್ತು. ಅಂದಿನಿಂದ ಕನ್ನಡನಾಡಿನ ಹೈಕೋರ್ಟು ನಮ್ಮದಾಯಿತು. ಕಾಸರಗೋಡಿನ ಸೋದರರು ಮಾತ್ರ ಕೇರಳದ ಪಾಲಾದರು. ಆದರೆ ಸಂವಿಧಾನದ 348ನೆಯ ಅನುಚ್ಛೇದದಂತೆ ಹೈಕೋರ್ಟಿನ ಭಾಷೆ ಇಂದಿಗೂ ಇಂಗ್ಲಿಷು. ತನ್ನ ಮನೆಮಾರನ್ನು ಕಳೆಯುವ ತೀರ್ಪನ್ನು ಓದಲಾರದವನು ಅದರ ತಪ್ಪನ್ನು ಹೇಗೆ ಕಂಡಾನು?

ಉಪಾಧ್ಯಾಯರೇ, ಓದಲು ಬಾರದವನು ಮೊದಲು ಕಾಗದ ತರುವುದು ತಮ್ಮ ಬಳಿಗೆ. ತೀರ್ಪಿನ ದಿನ ಯಾವುದು, ನಕಲಿಗೆ ಅರ್ಜಿಯಾಯಿತೆ, ತಡೆಯಾಜ್ಞೆ ಬೇಡಿದೆಯಾ ಎಂಬ ಮೂರು ಪ್ರಶ್ನೆಗಳನ್ನು ಅವನಿಗೆ ಕೇಳಿರಿ. ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ 1987ರ ಶಾಸನದಂತೆ ಉಚಿತ ವಕೀಲರು ದೊರೆಯುವರೆಂದು ತಿಳಿಸಿರಿ. ನ್ಯಾಯಾಧೀಶರನ್ನು ಬೈಯುತ್ತ ಜಗಲಿಯಲ್ಲಿ ಕುಳಿತವನ 30 ದಿನಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಅವನನ್ನು ಇಂದೇ ಎಬ್ಬಿಸಿ ಕಳುಹಿಸಿರಿ. ಇದೇ ನಮ್ಮ ಬಿನ್ನಹ.